ಆಳು ಹೆಚ್ಚಾದರೆ ಕಾಫಿ ಕೊಯ್ಲು ಬೇಗ ಮುಗಿಯುತ್ತೆ, ಕೋಡ್ ಅಲ್ಲ

ಐಟಿ ಉದ್ಯೋಗಿಗಳ ಕೆಲಸದ ಅವಧಿ ಹೆಚ್ಚಿಸುವ ಮಾತು ಕರ್ನಾಟಕದಲ್ಲಿ ಪದೇ ಪದೇ ಏಳುತ್ತಿದೆ. 2024ರ ಜುಲೈನಲ್ಲಿ '14 ಗಂಟೆ ಕೆಲಸ' ಎಂದೇ ಹೆಸರಾದ ಪ್ರಸ್ತಾವ ಬಂತು. 2025ರ ಜೂನ್‌ನಲ್ಲಿ ಅದು ಬೇರೆ ರೂಪದಲ್ಲಿ ಮರಳಿತು: ದಿನದ ಕೆಲಸ 9ರಿಂದ 10 ಗಂಟೆಗೆ, ಓವರ್‌ಟೈಮ್ ಸೇರಿದರೆ 12 ಗಂಟೆಗೆ, ಮೂರು ತಿಂಗಳ ಓವರ್‌ಟೈಮ್ ಮಿತಿ 50ರಿಂದ 144 ಗಂಟೆಗೆ. ಐಟಿ ನೌಕರರ ಸಂಘ ಕೆಐಟಿಯು ಎರಡೂ ಸಲ ವಿರೋಧಿಸಿತು. ಆರೋಗ್ಯ, ಕುಟುಂಬದ ಬಗ್ಗೆ ಚರ್ಚೆ ಆಯ್ತು. ನಾನು ಕೇಳೋದು ಇನ್ನೊಂದು ಪ್ರಶ್ನೆ: ಗಂಟೆ ಹೆಚ್ಚಿಸಿದರೆ ಸಾಫ್ಟ್‌ವೇರ್ ನಿಜಕ್ಕೂ ಬೇಗ ಮುಗಿಯುತ್ತಾ?

ಮೂಡಿಗೆರೆ, ಕಳಸದ ಕಡೆಯವರಿಗೆ ಇದನ್ನು ಕಾಫಿ ಲೆಕ್ಕದಲ್ಲೇ ಹೇಳಬಹುದು. ಹಣ್ಣು ಕುಯ್ಯೋಕೆ ಹತ್ತು ಆಳಿನ ಬದಲು ಇಪ್ಪತ್ತು ಆಳು ಬಂದರೆ ಕೆಲಸ ಹೆಚ್ಚುಕಡಿಮೆ ಅರ್ಧದಷ್ಟು ದಿನದಲ್ಲಿ ಮುಗಿಯುತ್ತೆ. ಒಬ್ಬರು ಕುಯ್ಯೋಕೆ ಪಕ್ಕದ ಸಾಲಿನವರನ್ನು ಕೇಳಬೇಕಿಲ್ಲ. ಆದರೆ ಅರೇಬಿಕಾ ಹಣ್ಣನ್ನು ಅವತ್ತೇ ಪಲ್ಪರ್‌ಗೆ ಹಾಕಬೇಕು. ಪಲ್ಪರ್ ದಿನಕ್ಕೆ ಎಷ್ಟು ನುಂಗುತ್ತೋ ಅದಕ್ಕಿಂತ ಜಾಸ್ತಿ ಕುಯ್ದರೆ ರಾಶಿ ಬಿದ್ದ ಹಣ್ಣು ಹುಳಿಯಾಗುತ್ತೆ, ಗುಣಮಟ್ಟ ಕೆಡುತ್ತೆ. ಅಲ್ಲಿ ಕೊರತೆ ಇರೋದು ಆಳಿನದ್ದಲ್ಲ, ಹೊಂದಾಣಿಕೆಯದ್ದು.

ಸಾಫ್ಟ್‌ವೇರ್‌ನ ಬಹುಪಾಲು ಕೆಲಸ ಈ ಎರಡನೇ ಥರದ್ದು. ಐಬಿಎಂನಲ್ಲಿ ಓಎಸ್/360 ಯೋಜನೆಯ ಹೊಣೆ ಹೊತ್ತಿದ್ದ ಫ್ರೆಡ್ ಬ್ರೂಕ್ಸ್ 1975ರಲ್ಲೇ ಪುಸ್ತಕ ಬರೆದು ಹೇಳಿದ್ದರು: ತಡವಾದ ಯೋಜನೆಗೆ ಜನ ಸೇರಿಸಿದರೆ ಅದು ಇನ್ನೂ ತಡವಾಗುತ್ತೆ. ಲೆಕ್ಕ ಸರಳ. 5 ಜನರ ತಂಡದಲ್ಲಿ ಇಬ್ಬಿಬ್ಬರ ನಡುವಿನ ಕೊಂಡಿಗಳು 10. 10 ಜನರಾದರೆ 45, 20 ಜನರಾದರೆ 190. ಹೊಸಬರಿಗೆ ಕೆಲಸ ಕಲಿಸಬೇಕಾದವರೂ ಆಗಲೇ ಒತ್ತಡದಲ್ಲಿರುವ ಹಳಬರೇ.

ನಾನು ಎಂಜಿನಿಯರಿಂಗ್ ಓದಿ ಪತ್ರಿಕೋದ್ಯಮಕ್ಕೆ ಬಂದೆ. ಜೊತೆಗೆ ಓದಿದವರು ಅನೇಕರು ಐಟಿಯಲ್ಲೇ ಇದ್ದಾರೆ. ಅವರ ರಾತ್ರಿಗಳು ಕಳೆಯೋದು ಕೋಡ್ ಬರೆಯೋದಕ್ಕಿಂತ ಕಾಯೋದರಲ್ಲಿ. ಇನ್ನೊಂದು ತಂಡದ ಎಪಿಐ ಸಿದ್ಧವಾಗಿಲ್ಲ, ಅಮೆರಿಕದ ಕ್ಲೈಂಟ್ ಎದ್ದಿಲ್ಲ. ಮಳೆಗಾಲದಲ್ಲಿ ಕಳಸದ ಮನೆಯಿಂದ ಕೆಲಸ ಮಾಡೋರು ಕರೆಂಟಿಗೂ ಕಾಯಬೇಕು. ಡೆಡ್‌ಲೈನ್ ಹತ್ತಿರ ಬಂದಾಗ ಮೊದಲು ಕೈಬಿಡೋದು ಟೆಸ್ಟಿಂಗ್, ರಿವ್ಯೂ. ಆ ತಪ್ಪುಗಳು ಮುಂದಿನ ತಿಂಗಳ ಕೆಲಸವಾಗಿ ವಾಪಸ್ ಬರುತ್ತವೆ.

ಸರ್ಕಾರಕ್ಕೆ ಇದು ತನ್ನದೇ ಅನುಭವದಿಂದ ಗೊತ್ತಿರಬೇಕು. 2025ರ ಸೆಪ್ಟೆಂಬರ್ 22ಕ್ಕೆ ಶುರುವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ ಅಕ್ಟೋಬರ್ 7ಕ್ಕೆ ಮುಗಿಯಬೇಕಿತ್ತು. ವಿದ್ಯುತ್ ಮೀಟರ್ ಆಧರಿಸಿ ಮನೆ ಗುರುತಿಸಿದವರು ಒಬ್ಬರು, ಆ್ಯಪ್ ಸಿದ್ಧಪಡಿಸಿದವರು ಇನ್ನೊಬ್ಬರು, 60 ಪ್ರಶ್ನೆ ಹಿಡಿದು ಬಾಗಿಲು ತಟ್ಟಿದ್ದು ಶಿಕ್ಷಕರು. ಮೊದಲ ದಿನಗಳಲ್ಲೇ ಸರ್ವರ್, ಒಟಿಪಿ, ಲೊಕೇಶನ್ ತೊಂದರೆ. ತೋಟದ ನಡುವೆ ಒಂಟಿ ಮನೆಗಳಿರುವ, ಸಿಗ್ನಲ್ ಸಿಗದ ಮಲೆನಾಡಿನಲ್ಲಿ ಶಿಕ್ಷಕರು ಇನ್ನೆರಡು ಗಂಟೆ ಹೆಚ್ಚು ನಿಂತಿದ್ದರೂ ಸರ್ವರ್ ಏಳುತ್ತಿರಲಿಲ್ಲ. ಕೊನೆಗೆ ಗಡುವನ್ನೇ ಅಕ್ಟೋಬರ್ 18ಕ್ಕೆ, ಆಮೇಲೆ 31ಕ್ಕೆ ಮುಂದೂಡಬೇಕಾಯ್ತು.

ರಿಲೀಸ್ ಹಿಂದಿನ ಒಂದೆರಡು ರಾತ್ರಿ ತಂಡವೆಲ್ಲ ಕೂರೋದು ಬೇರೆ, ಅದನ್ನೇ ಕಾನೂನು ಮಾಡೋದು ಬೇರೆ. ಇವತ್ತು ಓವರ್‌ಟೈಮ್‌ಗೆ ಮಿತಿ ಇರೋದರಿಂದಲಾದರೂ, ತಪ್ಪು ಅಂದಾಜು ಹಾಕಿದ ಮ್ಯಾನೇಜರ್ ಎಲ್ಲೋ ಒಂದು ಕಡೆ ನಿಲ್ಲಲೇಬೇಕು. 144 ಗಂಟೆ ಕೈಗೆ ಸಿಕ್ಕರೆ ದಿನಾಂಕವನ್ನು ಸರಿಯಾಗಿ ಇಡೋ ಅಗತ್ಯವೇ ಉಳಿಯಲ್ಲ. ಹಾಗಾಗಿ ಪ್ರಸ್ತಾವ ಮತ್ತೆ ಬಂದಾಗ ಎಷ್ಟು ಗಂಟೆ ಅನ್ನೋದಕ್ಕಿಂತ ಮೊದಲು ಕೇಳಬೇಕಾದ್ದು ಇದು: ಈ ದಿನಾಂಕ ಇಟ್ಟವರು ಯಾರು, ಕೆಲಸ ಮಾಡೋರನ್ನು ಕೇಳಿ ಇಟ್ಟರಾ?