ಸ್ಕ್ವಾಟ್ ಏರುತ್ತದೆ, ತಲೆಮೇಲಿನ ಭಾರ ಯಾಕೆ ಏರುವುದಿಲ್ಲ?

ಜಿಮ್ ಸೇರಿ ಮೂರ್ನಾಲ್ಕು ತಿಂಗಳಾದ ಹೆಣ್ಣುಮಕ್ಕಳ ದೂರು ಹೆಚ್ಚುಕಡಿಮೆ ಒಂದೇ. ಸ್ಕ್ವಾಟ್‌ನಲ್ಲಿ, ಡೆಡ್‌ಲಿಫ್ಟ್‌ನಲ್ಲಿ ಭಾರ ಏರುತ್ತಲೇ ಇದೆ. ಬಾರನ್ನು ತಲೆಯ ಮೇಲಕ್ಕೆತ್ತುವ ಓವರ್‌ಹೆಡ್ ಪ್ರೆಸ್ ಮಾತ್ರ ನಿಂತಲ್ಲೇ ನಿಂತಿದೆ. ಜೊತೆಗೆ ಸೇರಿದ ತಮ್ಮ ಆಗಲೇ 40 ಕಿಲೊ ಎತ್ತುತ್ತಿದ್ದಾನೆ. ‘ನಮ್ಮ ಕೈಲಾಗೋದಲ್ಲ ಬಿಡಿ’ ಎಂದು ಟ್ರೆಡ್‌ಮಿಲ್ ಹತ್ತಿದವರು ಮತ್ತೆ ಬಾರಿನ ಹತ್ತಿರ ಸುಳಿಯುವುದಿಲ್ಲ. ಈ ಸೋಲಿನಲ್ಲಿ ದೇಹದ ಪಾಲಿದೆ, ನಿಜ. ಆದರೆ ಜಿಮ್‌ನವರು ತಂದಿಟ್ಟ ಪ್ಲೇಟುಗಳ ಪಾಲೂ ಕಡಿಮೆಯೇನಲ್ಲ.

ದೇಹದ ಮಾತು ಮೊದಲು. ಹರೆಯದಲ್ಲಿ ಟೆಸ್ಟೊಸ್ಟಿರೋನ್ ಏರುವುದರಿಂದ ಗಂಡಸರಲ್ಲಿ ಸ್ನಾಯು ಹೆಚ್ಚು ಬೆಳೆಯುತ್ತದೆ, ಅದರಲ್ಲೂ ಎದೆ, ಭುಜ, ತೋಳುಗಳಲ್ಲಿ. ಹಾಗಾಗಿ ಹೆಂಗಸರ ಕಾಲಿನ ಬಲ ಸರಾಸರಿ ಗಂಡಸರದರ ಮೂರನೇ ಎರಡರಷ್ಟಿದ್ದರೆ, ತೋಳು–ಭುಜಗಳ ಬಲ ಅರ್ಧಕ್ಕಿಂತ ತುಸು ಹೆಚ್ಚು, ಅಷ್ಟೆ. ವ್ಯತ್ಯಾಸವಿರುವುದು ಸ್ನಾಯುವಿನ ಪ್ರಮಾಣದಲ್ಲಿ, ಗುಣದಲ್ಲಲ್ಲ. ಒಂದೇ ದಪ್ಪದ ಸ್ನಾಯು ಯಾರದಾದರೂ ಹೆಚ್ಚುಕಡಿಮೆ ಒಂದೇ ಬಲ ಕೊಡುತ್ತದೆ. ತರಬೇತಿ ಶುರುವಾದ ಮೇಲೆ ಶೇಕಡಾವಾರು ಪ್ರಗತಿಯಲ್ಲೂ ಹೆಂಗಸರು ಹಿಂದೆ ಬೀಳುವುದಿಲ್ಲ.

ಇನ್ನು ಪ್ಲೇಟುಗಳ ಲೆಕ್ಕ. ಸ್ಪರ್ಧೆಯಲ್ಲಿ ಮಹಿಳೆಯರ ಬಾರ್ 15 ಕಿಲೊ, ದಪ್ಪ 25 ಮಿಲಿಮೀಟರ್. ಪುರುಷರದು 20 ಕಿಲೊ, 28 ಮಿಲಿಮೀಟರ್. ನಮ್ಮ ಬಡಾವಣೆಯ ಜಿಮ್‌ಗಳಲ್ಲಿ ಸಾಮಾನ್ಯವಾಗಿ ಕಾಣುವುದು ಎರಡನೆಯದೇ. 2.5 ಕಿಲೊಗಿಂತ ಚಿಕ್ಕ ಪ್ಲೇಟ್ ಕೇಳಿದರೆ ಟ್ರೈನರ್ ಮೂಲೆಮೂಲೆ ಹುಡುಕಬೇಕು. ಎರಡೂ ಬದಿಗೆ ಒಂದೊಂದು ಹಾಕಿದರೆ 5 ಕಿಲೊ ಏರಿತು. 60 ಕಿಲೊ ಸ್ಕ್ವಾಟ್ ಮಾಡುವವಳಿಗೆ ಅದು ಶೇ 8ರ ಏರಿಕೆ. ತಮ್ಮನ 40 ಕಿಲೊ ಪ್ರೆಸ್‌ಗೆ ಶೇ 12.5. ಬರಿಯ ಬಾರ್ ಎತ್ತುತ್ತಿರುವ ಅಕ್ಕನಿಗೆ ಶೇ 25! 100 ಕಿಲೊ ಎತ್ತುವ ಗಂಡಸಿಗೆ ‘ನಾಳೆ 125 ಎತ್ತು’ ಎಂದು ಯಾವ ಟ್ರೈನರ್ ಹೇಳಿಯಾನು? ಡಂಬೆಲ್‌ಗಳ ಕತೆ ಇನ್ನೂ ಕಷ್ಟ. 5 ಕಿಲೊದ ನಂತರ ನೇರ 7.5 ಇದ್ದರೆ ಏರಿಕೆ ಶೇ 50.

ಇದಕ್ಕೆ ದಾರಿಯಿದೆ. ಅರ್ಧ, ಒಂದು ಕಿಲೊದ ಪ್ಲೇಟುಗಳು ಮಾರುಕಟ್ಟೆಯಲ್ಲಿವೆ, ಚೀಲದಲ್ಲಿ ಒಯ್ಯಬಹುದು. ಅದೂ ಇಲ್ಲವೆಂದರೆ ಭಾರ ಬದಲಿಸದೆ ಐದು ರೆಪ್ಪನ್ನು (ಒಂದು ಸಲ ಎತ್ತಿ ಇಳಿಸಿದರೆ ಒಂದು ರೆಪ್) ಎಂಟಕ್ಕೆ, ಹತ್ತಕ್ಕೆ ಒಯ್ದು ಆಮೇಲೆ ಜಿಗಿಯುವುದು. ಗರಿಷ್ಠ ಭಾರದ ಇಂತಿಷ್ಟು ಶೇಕಡಾ ಎಂದು ಕೊಟ್ಟಾಗ ಸಾಮಾನ್ಯವಾಗಿ ಹೆಂಗಸರೇ ಹೆಚ್ಚು ರೆಪ್ ತೆಗೆಯುತ್ತಾರೆ, ಆದ್ದರಿಂದ ಈ ದಾರಿ ಅವರಿಗೆ ಒಗ್ಗುತ್ತದೆ.

ಕಾಲು, ಸೊಂಟ, ತಂತ್ರ ಎಲ್ಲ ಕೂಡಿ ಎತ್ತುವ ವೇಟ್‌ಲಿಫ್ಟಿಂಗ್‌ನಲ್ಲಿ ಗಂಡು–ಹೆಣ್ಣಿನ ಅಂತರ ಎಷ್ಟು ಎಂಬುದಕ್ಕೆ ಒಂದು ಲೆಕ್ಕ. 2018ರ ಕಾಮನ್‌ವೆಲ್ತ್ ಕೂಟದ 56 ಕಿಲೊ ವಿಭಾಗದಲ್ಲಿ ಕುಂದಾಪುರದ ಗುರುರಾಜ ಪೂಜಾರಿ ಎತ್ತಿದ್ದು ಒಟ್ಟು 249 ಕಿಲೊ. ಟೋಕಿಯೊ ಒಲಿಂಪಿಕ್ಸ್‌ನ 49 ಕಿಲೊ ವಿಭಾಗದಲ್ಲಿ ಮೀರಾಬಾಯಿ ಚಾನು ಎತ್ತಿದ್ದು 202. ಇಬ್ಬರಿಗೂ ಬೆಳ್ಳಿ. (ಎರಡು ಕೂಟಗಳ ಮಟ್ಟ ಬೇರೆ, ಒಪ್ಪಿದೆ, ಇದು ಬಲದ ತೀರ್ಪಲ್ಲ.) ದೇಹತೂಕಕ್ಕೆ ಭಾಗಿಸಿದರೆ ಅವರದು ಸುಮಾರು 4.4 ಪಟ್ಟು, ಇವರದು 4.1. ಮೀರಾಬಾಯಿಯ ಎರಡು ಎತ್ತುವಿಕೆಗಳೂ ಸಮತೂಕದಲ್ಲಿಲ್ಲ: ಭುಜಕ್ಕೆತ್ತಿ ಆಮೇಲೆ ತಲೆಮೇಲಕ್ಕೊಯ್ಯುವ ಕ್ಲೀನ್ ಆ್ಯಂಡ್ ಜರ್ಕ್ 115, ಒಂದೇ ಎಳೆತಕ್ಕೆ ತಲೆಮೇಲಕ್ಕೊಯ್ಯುವ ಸ್ನ್ಯಾಚ್ 87. ಎರಡನೆಯದು ಸಾಮಾನ್ಯವಾಗಿ ಮೊದಲನೆಯದರ ಶೇ 80ರ ಆಸುಪಾಸಿರಬೇಕು, ಅಂದರೆ 92.

ಇಬ್ಬರು ಹೆಂಗಸರ ನಡುವಿನ ವ್ಯತ್ಯಾಸಕ್ಕೆ ಕೈಕಾಲಿನ ಉದ್ದ, ವಯಸ್ಸು, ನಿದ್ದೆ, ಊಟ ಎಲ್ಲವೂ ಕಾರಣ. ನಮ್ಮಲ್ಲಿ ಇನ್ನೊಂದು ಸೇರುತ್ತದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49ರ ವಯಸ್ಸಿನ ಮಹಿಳೆಯರಲ್ಲಿ ರಕ್ತಹೀನತೆ ದೇಶದಲ್ಲಿ ಶೇ 57, ಕರ್ನಾಟಕದಲ್ಲಿ ಶೇ 48ರ ಹತ್ತಿರ. ಎರಡನೇ ಸೆಟ್ಟಿಗೇ ಏದುಸಿರು ಬರುತ್ತಿದ್ದರೆ ಟ್ರೈನರನ್ನು ಬದಲಿಸುವ ಮುನ್ನ ಹಿಮೋಗ್ಲೋಬಿನ್ ಪರೀಕ್ಷೆ ಮಾಡಿಸಿ.