ಮೂಕಜೀವಿಗಳ ಋಣ ಮತ್ತು ವೈದ್ಯವಿಜ್ಞಾನ

ಸುವರ್ಣಾವತಿಯ ನೀರುಂಡು ಬೆಳೆಯುವ ಅಗರ-ಮಾಂಬಳ್ಳಿಯ ಗದ್ದೆಬಯಲಿನಲ್ಲಿ, ಕೊಳ್ಳೇಗಾಲದ ಹಿಪ್ಪುನೇರಳೆ ತೋಟಗಳಲ್ಲಿ, ಹನೂರಿನ ಕಾಡಂಚಿನ ಹೊಲಗಳಲ್ಲಿ ದುಡಿಯುವವರಿಗೆ ಹಾವಿನ ಭಯ ಹೊಸದಲ್ಲ. ಇರುಳಿನಲ್ಲಿ ನೀರು ಕಟ್ಟಲು ಹೋದವನಾಗಲಿ, ಮುಂಜಾನೆ ಸೊಪ್ಪು ಬಿಡಿಸಲು ಹೋದವಳಾಗಲಿ ವಿಷದ ಹಾವಿನ ಕಡಿತಕ್ಕೆ ಒಳಗಾದರೆ, ಆ ಜೀವ ಕೆಲವು ಸಣ್ಣ ಸೀಸೆಗಳ ಔಷಧವನ್ನು ಅವಲಂಬಿಸಿರುತ್ತದೆ. ಆ ಔಷಧ ಬೇರು ನಾರುಗಳಿಂದ ತೆಗೆದುದಲ್ಲ. ರಾಸಾಯನಿಕಗಳನ್ನು ಬೆರೆಸಿ ಮಾಡಿದುದೂ ಅಲ್ಲ. ಅದು ಕುದುರೆಯ ರಕ್ತದ ಸಾರ. ವೈದ್ಯಕೀಯಕ್ಕಾಗಿ ಪ್ರಾಣಿಗಳನ್ನು ಬಳಸುವುದು ಧರ್ಮವೋ ಅಧರ್ಮವೋ ಎಂಬ ಚರ್ಚೆಯು ದೂರದ ನಗರಗಳ ಪಂಡಿತರಿಗೆ ಮಾತ್ರ ಸಂಬಂಧಿಸಿದುದೆಂದು ಭಾವಿಸುವವರು ಈ ಒಂದು ಸಂಗತಿಯನ್ನು ಮನನ ಮಾಡಬೇಕು.

ಫ್ರಾನ್ಸಿನ ವಿಜ್ಞಾನಿ ಆಲ್ಬರ್ಟ್ ಕಾಲ್ಮೆಟ್ 1890ರ ದಶಕದಲ್ಲಿ ತೋರಿಸಿಕೊಟ್ಟ ವಿಧಾನವೇ ಮೂಲತಃ ಇಂದಿಗೂ ನಡೆದುಬಂದಿದೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಎಂಬ ನಾಲ್ಕು ಹಾವುಗಳ ವಿಷವನ್ನು ಅತ್ಯಲ್ಪ ಪ್ರಮಾಣದಲ್ಲಿ ಕುದುರೆಗೆ ಚುಚ್ಚಿ, ಆ ಪ್ರಮಾಣವನ್ನು ತಿಂಗಳುಗಟ್ಟಲೆ ಹೆಚ್ಚಿಸುತ್ತ ಹೋಗುತ್ತಾರೆ. ಕುದುರೆಯ ದೇಹವು ವಿಷವನ್ನು ಎದುರಿಸುವ ಪ್ರತಿಕಾಯಗಳನ್ನು ನಿರ್ಮಿಸಿಕೊಳ್ಳುತ್ತದೆ. ಬಳಿಕ ರಕ್ತವನ್ನು ತೆಗೆದು, ಅವನ್ನು ಬೇರ್ಪಡಿಸಿ ಶುದ್ಧೀಕರಿಸುತ್ತಾರೆ. ಆರೈಕೆ ತಪ್ಪಿದರೆ ಚುಚ್ಚಿದೆಡೆ ಬಾವು, ರಕ್ತಹೀನತೆ ಕುದುರೆಯ ಪಾಲಿಗೆ ಬರುತ್ತವೆ. ಅಷ್ಟಕ್ಕೇ ಮುಗಿಯಲಿಲ್ಲ. ಸಿದ್ಧವಾದ ಔಷಧದ ಶಕ್ತಿಯನ್ನು ಅಳೆಯಲು ವಿಷದೊಡನೆ ಅದನ್ನು ಬೆರೆಸಿ ಇಲಿಗಳಿಗೆ ಚುಚ್ಚಿ, ಎಷ್ಟು ಉಳಿದವು, ಎಷ್ಟು ಅಳಿದವು ಎಂದು ಎಣಿಸಲಾಗುತ್ತದೆ.

ಇದನ್ನು ವಿರೋಧಿಸುವವರ ವಾದ ಹಗುರವಾದುದಲ್ಲ. ನೋವು ಮನುಷ್ಯನಿಗೆ ಹೇಗೋ ಪ್ರಾಣಿಗೂ ಹಾಗೆಯೇ; ಒಪ್ಪಿಗೆ ಕೊಡಲಾರದ ಜೀವಿಯ ಮೇಲೆ ಬಲವುಳ್ಳವನು ನಡೆಸುವ ಪ್ರಯೋಗವು ಬಲಾತ್ಕಾರವೇ ಎಂಬುದು ಅವರ ನಿಲುವು. ಪ್ರಾಣಿಯಲ್ಲಿ ಫಲಿಸಿದ ಮದ್ದು ಮನುಷ್ಯನಲ್ಲಿ ಫಲಿಸದೆ ಹೋದ ನಿದರ್ಶನಗಳೂ ಹೇರಳವಾಗಿವೆ. ಆದರೆ ಮತ್ತೊಂದು ಕಡೆಯ ಲೆಕ್ಕವನ್ನೂ ನೋಡಬೇಕು. 2000ದಿಂದ 2019ರವರೆಗಿನ ಅವಧಿಯಲ್ಲಿ ಭಾರತದಲ್ಲಿ ಹಾವಿನ ಕಡಿತದಿಂದ ಸುಮಾರು 12 ಲಕ್ಷ ಜನರು, ಅಂದರೆ ವರ್ಷಕ್ಕೆ ಸರಾಸರಿ 58,000 ಮಂದಿ, ಮರಣಹೊಂದಿದರೆಂದು ಸಂಶೋಧಕರು ಅಂದಾಜು ಮಾಡಿದ್ದಾರೆ. ಸತ್ತವರಲ್ಲಿ ಹೆಚ್ಚಿನವರು ಹಳ್ಳಿಗಾಡಿನವರು. ಕಡಿತಕ್ಕೊಳಗಾದ ಮಗುವನ್ನು ಮಡಿಲಲ್ಲಿಟ್ಟುಕೊಂಡು ಆಸ್ಪತ್ರೆಗೆ ಓಡುವ ತಾಯಿಗೆ, ಕುದುರೆಯ ಮೇಲಿನ ದಯೆಯಿಂದ ಔಷಧವನ್ನು ನಿಲ್ಲಿಸಿದ್ದೇವೆಂದು ಯಾರು ಹೇಳಬಲ್ಲರು? ಒಂದು ಪಕ್ಷ ಮಗುವನ್ನು ಮರೆತರೆ, ಇನ್ನೊಂದು ಪಕ್ಷ ಕುದುರೆಯನ್ನು ಮರೆಯುತ್ತದೆ. ಎರಡೂ ಮರೆವುಗಳು ದೋಷವೇ.

ನಡುವಿನ ದಾರಿಯನ್ನು ತಿಳಿದವರು ಆಗಲೇ ತೋರಿದ್ದಾರೆ. 1959ರಲ್ಲಿ ಇಂಗ್ಲೆಂಡಿನ ರಸೆಲ್ ಮತ್ತು ಬರ್ಚ್ ಎಂಬ ವಿಜ್ಞಾನಿಗಳು ಮೂರು ಸೂತ್ರಗಳನ್ನು ಮುಂದಿಟ್ಟರು: ಪ್ರಾಣಿಗೆ ಬದಲು ಬೇರೊಂದು ಮಾರ್ಗವಿದ್ದರೆ ಅದನ್ನೇ ಹಿಡಿಯುವುದು, ಇಲ್ಲವಾದರೆ ಬಳಸುವ ಸಂಖ್ಯೆಯನ್ನು ತಗ್ಗಿಸುವುದು, ಬಳಸಿದಾಗ ನೋವನ್ನು ತಗ್ಗಿಸುವುದು. ಮರುವರ್ಷ, 1960ರಲ್ಲಿ, ಭಾರತದ ಸಂಸತ್ತು ಅಂಗೀಕರಿಸಿದ ಪ್ರಾಣಿಹಿಂಸೆ ತಡೆ ಕಾಯಿದೆಯು ಪ್ರಯೋಗಗಳನ್ನು ನಿಷೇಧಿಸಲಿಲ್ಲ. ಆದರೆ ಗ್ರಂಥ, ಮಾದರಿ, ಚಲನಚಿತ್ರಗಳಿಂದ ಪಾಠ ಸಾಧ್ಯವಿರುವಲ್ಲಿ ಪ್ರಾಣಿಪ್ರಯೋಗ ಬೇಡವೆಂದೂ, ಕೇವಲ ಕೈಚಳಕ ಕಲಿಯಲು ಅದು ಕೂಡದೆಂದೂ ನಿಯಮ ಮಾಡಲು ದಾರಿ ತೆರೆಯಿತು. 1976ರ ತಿದ್ದುಪಡಿಯು ಜೀವಿಗಳ ಮೇಲಿನ ಅನುಕಂಪವನ್ನು ಪ್ರಜೆಯ ಮೂಲಭೂತ ಕರ್ತವ್ಯಗಳಲ್ಲಿ ಒಂದಾಗಿ ಸಂವಿಧಾನದಲ್ಲಿ ಸೇರಿಸಿತು.

ಈ ದಾರಿ ಬರಿಯ ಆದರ್ಶವಲ್ಲವೆಂಬುದಕ್ಕೆ ಹುಚ್ಚುನಾಯಿ ಕಡಿತದ ಲಸಿಕೆಯೇ ಸಾಕ್ಷಿ. ನೀಲಗಿರಿಯ ಕೂನೂರಿನಲ್ಲಿ 1907ರಲ್ಲಿ ಸ್ಥಾಪಿತವಾದ ಪಾಶ್ಚರ್ ಸಂಸ್ಥೆಯೇ ಮೊದಲಾದೆಡೆ ಕುರಿಗಳಿಗೆ ರೋಗವನ್ನು ತಗುಲಿಸಿ, ಅವುಗಳ ಮಿದುಳಿನಿಂದ ಲಸಿಕೆಯನ್ನು ತಯಾರಿಸಲಾಗುತ್ತಿತ್ತು. ಹೊಟ್ಟೆಯ ಸುತ್ತ ದಿನದಿನವೂ ಚುಚ್ಚಿಸಿಕೊಂಡ ಆ ಸೂಜಿಯನ್ನು ಹಿರಿಯರು ಇನ್ನೂ ಮರೆತಿಲ್ಲ. ಅದರಿಂದ ಕೆಲವರಿಗೆ ನರದೌರ್ಬಲ್ಯ, ಪಾರ್ಶ್ವವಾಯುಗಳೂ ತಟ್ಟಿದ್ದುಂಟು. ಜೀವಕೋಶಗಳನ್ನು ಪ್ರಯೋಗಾಲಯದಲ್ಲಿ ಬೆಳೆಸಿ ಲಸಿಕೆ ಮಾಡುವ ಕ್ರಮ ಬಂದಮೇಲೆ, 2005ರ ಹೊತ್ತಿಗೆ ಕುರಿಮಿದುಳಿನ ಲಸಿಕೆ ಭಾರತದಲ್ಲಿ ನಿಂತಿತು. ಕುರಿಯೂ ಉಳಿಯಿತು, ರೋಗಿಗೂ ಸುಖವಾಯಿತು. ದಯೆಯ ಮಾರ್ಗವು ವಿಜ್ಞಾನದ ಹಿನ್ನಡೆಯಾಗಲಿಲ್ಲ, ಮುನ್ನಡೆಯಾಯಿತು.

ಹಾವಿನ ಮದ್ದಿಗೂ ಅಂಥ ದಿನ ಬರಬಹುದೆಂಬ ಆಸೆಯಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯವರೊಡನೆ ಸೇರಿ, ನಾಗರನ ವರ್ಗಕ್ಕೆ ಸೇರಿದ ಹಾವುಗಳ ಒಂದು ಪ್ರಬಲ ವಿಷಾಂಶವನ್ನು ತಡೆಯುವ ಪ್ರತಿಕಾಯವನ್ನು ಕುದುರೆಯ ನೆರವಿಲ್ಲದೆ ರೂಪಿಸಿದ ವಿವರವನ್ನು 2024ರಲ್ಲಿ ಪ್ರಕಟಿಸಿದರು. ಆದರೆ ಅದರ ಗುಣವನ್ನು ಪರೀಕ್ಷಿಸಿದ್ದು ಇಲಿಗಳ ಮೇಲೆ. ಕುದುರೆಯ ಬಿಡುಗಡೆಗೂ ಇಲಿಯ ಪ್ರಾಣ ಬೇಕಾಯಿತೆಂಬ ಸತ್ಯವನ್ನು ಮುಚ್ಚಿಡುವುದು ಪ್ರಾಮಾಣಿಕತೆಯಲ್ಲ. ಔಷಧ ಪರೀಕ್ಷೆಯಲ್ಲಿ ಪ್ರಾಣಿಗಳಿಗೆ ಬದಲಾದ ವಿಧಾನಗಳಿಗೆ ಭಾರತದ ನಿಯಮಗಳು 2023ರಲ್ಲಿ ಮನ್ನಣೆ ನೀಡಿವೆ. ಆ ಬಾಗಿಲನ್ನು ಅಗಲಗೊಳಿಸುವುದು ಮುಂದಿನ ಪೀಳಿಗೆಯ ವಿಜ್ಞಾನಿಗಳ ಹೊಣೆ.

ಅಲ್ಲಿಯವರೆಗೆ ಔಷಧವನ್ನು ನಿರಾಕರಿಸುವುದು ಧರ್ಮವಲ್ಲ. ಋಣವನ್ನು ಮರೆತು ಅದನ್ನು ಸ್ವೀಕರಿಸುವುದೂ ಧರ್ಮವಲ್ಲ. ಋಣ ತೀರಿಸುವ ಕಾರ್ಯ ಶಾಲೆಯಿಂದಲೇ ಆರಂಭವಾಗಬಹುದು. ಕಪ್ಪೆಯ ಅಂಗರಚನೆಯನ್ನು ಮಾದರಿಯಿಂದ ಕಲಿಸಬಲ್ಲ ಅಧ್ಯಾಪಕರು ಒಂದು ಜೀವವನ್ನು ಉಳಿಸುವುದಲ್ಲದೆ ಒಂದು ಮನಸ್ಸನ್ನೂ ತಿದ್ದುತ್ತಾರೆ. ಕರ್ನಾಟಕ ಸರ್ಕಾರವು 2024ರಲ್ಲಿ ಹಾವಿನ ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಿಡುಗೆಂದು ಘೋಷಿಸಿದೆ. ಇರುಳಿನಲ್ಲಿ ಗದ್ದೆಗೆ ಹೋಗುವಾಗ ಕೈಯಲ್ಲಿ ದೀಪ, ಕಾಲಿಗೆ ಪಾದರಕ್ಷೆ, ಮಲಗುವಾಗ ಸೊಳ್ಳೆಪರದೆ, ಕಡಿದ ಮೇಲೆ ಮಂತ್ರಕ್ಕೆ ಕಾಯದೆ ಆಸ್ಪತ್ರೆ: ಈ ಪಾಠವನ್ನು ಮಕ್ಕಳು ಮನೆಮನೆಗೆ ಮುಟ್ಟಿಸಿದರೆ ಸಾಕು. ತಪ್ಪಿದ ಪ್ರತಿಯೊಂದು ಕಡಿತವೂ ಮನುಷ್ಯನ ಪ್ರಾಣವನ್ನು ಕಾಯುತ್ತದೆ; ಕುದುರೆಯ ರಕ್ತವನ್ನೂ ಅಷ್ಟರಮಟ್ಟಿಗೆ ಉಳಿಸುತ್ತದೆ. ದಾನಿಗಳು ಹಳ್ಳಿಯ ಬಡವನಿಗೆ ಕೊಡಿಸುವ ಒಂದು ಜೊತೆ ಗಟ್ಟಿ ಪಾದರಕ್ಷೆ ಎರಡು ಜೀವಗಳಿಗೂ ಸಲ್ಲುವ ದಾಸೋಹವೇ ಸರಿ.