ಶಿಕ್ಷೆ ಮುಗಿದ ಮೇಲೂ ಮುಗಿಯದ ಶಿಕ್ಷೆ

ಪಾಸ್‌ಪೋರ್ಟ್ ವೆರಿಫಿಕೇಶನ್‌ಗೆ ಊರಲ್ಲಿ ಪೊಲೀಸರು ಮನೆಗೆ ಬಂದ ದಿನ ನೆನಪಿದೆಯಾ? ಪಕ್ಕದ ಮನೆ ಆಂಟಿ ಗೇಟಿನ ಹತ್ತಿರ ನಿಂತು "ಏನಾದ್ರೂ ಕೇಸಾ?" ಅಂತ ಕೇಳಿರುತ್ತಾರೆ. ಅಮ್ಮ ಸಂಜೆವರೆಗೂ ಬೀದಿಗೆಲ್ಲ ವಿವರಣೆ ಕೊಟ್ಟಿರುತ್ತಾರೆ. ಅರ್ಧ ದಿನದ ಅನುಮಾನಕ್ಕೇ ಇಷ್ಟು ಮುಜುಗರವಾದರೆ, ನಿಜವಾಗಿ ಜೈಲಿಗೆ ಹೋಗಿ ಬಂದವರ ಪಾಡೇನು?

ಕಳೆದ ವರ್ಷ ನಮ್ಮ ಕಾರ್ಯಕ್ರಮಕ್ಕೆ ಲಾಸ್ ಏಂಜಲೀಸ್‌ನ ಹೋಮ್‌ಬಾಯ್ ಬೇಕರಿಯಿಂದ ತಿಂಡಿ ತರಿಸೋಣ ಅನ್ನೋ ಮಾತು ಬಂತು. "ಅಲ್ಲಿ ಕೆಲಸ ಮಾಡೋರು ಜೈಲಿಂದ ಬಂದೋರಂತೆ, ಬೇಡಪ್ಪಾ" ಅಂದರು ನಮ್ಮಲ್ಲೊಬ್ಬರು. ಉಳಿದ ನಾವೆಲ್ಲ ಸುಮ್ಮನಾದೆವು. ತಿಂಡಿ ಬೇರೆ ಕಡೆಯಿಂದ ಬಂತು. ಹಾಗೆ ಸುಮ್ಮನಾದದ್ದು ತಪ್ಪು ಅಂತ ಹೇಳಲು ಈ ಬರಹ.

ಗ್ಯಾಂಗ್ ಹೊಡೆದಾಟದಲ್ಲಿ ಸಾಯುತ್ತಿದ್ದ ಹುಡುಗರನ್ನು ಕಂಡು ಪಾದ್ರಿ ಗ್ರೆಗ್ ಬಾಯ್ಲ್ 1988ರಲ್ಲಿ ಶುರುಮಾಡಿದ ಕೆಲಸವೇ ಇಂದಿನ ಹೋಮ್‌ಬಾಯ್ ಇಂಡಸ್ಟ್ರೀಸ್. ಬೇಕರಿ ಬಂದದ್ದು 1992ರಲ್ಲಿ. ಅಲ್ಲಿ 18 ತಿಂಗಳು ಸಂಬಳ ಕೊಟ್ಟು ಕೆಲಸ ಕಲಿಸುತ್ತಾರೆ. ಜೊತೆಗೆ ಆಪ್ತಸಮಾಲೋಚನೆ, ಓದು, ಕಾನೂನು ನೆರವು. ಗ್ಯಾಂಗಿನ ಹಚ್ಚೆಗಳನ್ನು ಲೇಸರ್‌ನಿಂದ ಉಚಿತವಾಗಿ ಅಳಿಸುತ್ತಾರೆ. ಕತ್ತಿನ ಮೇಲೆ ಆ ಗುರುತಿದ್ದರೆ ಇಂಟರ್‌ವ್ಯೂ ಬಾಗಿಲಲ್ಲೇ ಮುಗಿದುಹೋಗುತ್ತದಲ್ಲ! ಒಂದು ಕಾಲಕ್ಕೆ ಎದುರಾಳಿ ಗ್ಯಾಂಗುಗಳಲ್ಲಿದ್ದವರು ಇಲ್ಲಿ ಅಕ್ಕಪಕ್ಕ ನಿಂತು ಹಿಟ್ಟು ನಾದುತ್ತಾರೆ.

ಕಾನೂನೂ ಸ್ವಲ್ಪ ದಾರಿ ಬಿಟ್ಟಿದೆ. 2018ರಿಂದ ಕ್ಯಾಲಿಫೋರ್ನಿಯಾದಲ್ಲಿ ಐದು ಅಥವಾ ಹೆಚ್ಚು ನೌಕರರಿರುವ ಕಂಪನಿಗಳು, ಕೆಲವು ಹುದ್ದೆಗಳನ್ನು ಬಿಟ್ಟರೆ, ಆಫರ್ ಕೊಡುವ ಮುಂಚೆ ಹಳೆಯ ಶಿಕ್ಷೆಯ ಬಗ್ಗೆ ಕೇಳುವಂತಿಲ್ಲ. ಆದರೆ ಆಮೇಲೆ ಕೇಳಬಹುದು. ಆಗ ಮೇಜಿನ ಆಚೆ ಕೂತವರ ಮನಸ್ಸು ಹೇಗಿದೆ ಅನ್ನೋದೇ ಮುಖ್ಯ.

"ಹಾಗಾದ್ರೆ ಅವರಿಂದ ನೊಂದವರ ಗತಿ?" ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ನೊಂದವರನ್ನು ಮರೆಯಿರಿ ಅಂತ ನಾವು ಹೇಳುತ್ತಿಲ್ಲ. ಆದರೆ ಕೋರ್ಟು ಕೊಟ್ಟ ಶಿಕ್ಷೆ ಮುಗಿಸಿ ಬಂದವನಿಗೆ ಕೆಲಸವೂ ಇಲ್ಲ, ಬಾಡಿಗೆ ಮನೆಯೂ ಇಲ್ಲ ಅಂದರೆ, ಅವನನ್ನು ಸೇರಿಸಿಕೊಳ್ಳೋದು ಹಳೇ ಗ್ಯಾಂಗ್ ಮಾತ್ರ. ಆಗ ನೋಯುವವರ ಪಟ್ಟಿಗೆ ಇನ್ನೊಂದು ಹೆಸರು ಸೇರುತ್ತದೆ.

ಇದು ಅಮೆರಿಕದ ಕಥೆ ಮಾತ್ರ ಅಂದುಕೊಳ್ಳಬೇಡಿ. ನಮ್ಮ ಕರ್ನಾಟಕದಲ್ಲಿ ರಂಗಕರ್ಮಿ ಹುಲುಗಪ್ಪ ಕಟ್ಟೀಮನಿಯವರು ಕೈದಿಗಳಿಂದ ನಾಟಕ ಆಡಿಸಿ, ಅವರನ್ನು ಜೈಲಿನ ಹೊರಗಿನ ವೇದಿಕೆಗಳಿಗೂ ಕರೆತಂದರು. ಜನ ಚಪ್ಪಾಳೆ ತಟ್ಟಿದರು. ಅದೇ ಕಲಾವಿದ ಬಿಡುಗಡೆಯಾಗಿ ಬಂದು ನಮ್ಮ ಮನೆಯ ಮೇಲಿನ ಪೋರ್ಷನ್ ಬಾಡಿಗೆಗೆ ಕೇಳಿದರೆ ಕೊಡುತ್ತೇವಾ? ಪ್ರಾಮಾಣಿಕವಾಗಿ ಹೇಳಿದರೆ, ನಮಗೂ ಬಾಯಿ ಕಟ್ಟುತ್ತದೆ.

ಚಿಕ್ಕದರಿಂದ ಶುರುಮಾಡೋಣ. ಈ ಸಲದ ರಾಜ್ಯೋತ್ಸವಕ್ಕೆ ಆರ್ಡರ್ ಹೋಮ್‌ಬಾಯ್‌ಗೇ ಹೋಗಲಿ. ಸೆಮಿಸ್ಟರ್ ನಡುವೆ ಬಿಡುವಿದ್ದವರು ಇಂಥ ಸಂಸ್ಥೆಗಳಲ್ಲಿ ಗಣಿತವನ್ನೋ ಕಂಪ್ಯೂಟರನ್ನೋ ಹೇಳಿಕೊಡಲಿ. ಇನ್ನು ಐದಾರು ವರ್ಷಕ್ಕೆ ನಮ್ಮಲ್ಲೇ ಎಷ್ಟೋ ಜನ ರೆಸ್ಯೂಮೆ ನೋಡುವ ಕುರ್ಚಿಯಲ್ಲಿ ಕೂತಿರುತ್ತೇವೆ. ಅವತ್ತು ಯಾರಾದರೂ "ಬೇಡಪ್ಪಾ" ಅಂದರೆ, ಈ ಸಲದ ಹಾಗೆ ಸುಮ್ಮನಿರದೆ "ಯಾಕೆ ಬೇಡ?" ಅಂತಾದರೂ ಕೇಳೋಣ.